ಮೌನವ್ರತದ ಸನ್ಯಾಸಿಗಳು ಕಟ್ಟಿಸಿದ ಗದ್ದಲದ ಮನೆ

ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಇನ್‌ಗಳ, ಅಂದರೆ ದಾರಿಹೋಕರಿಗೆ ಊಟ, ಬಿಯರು, ತಂಗಲು ಕೋಣೆ ಕೊಡುವ ಮನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೆಂಕಿಗೂಡಿನಿಂದ ಶುರು ಮಾಡುತ್ತಾರೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಉರಿಯುವ ಕೊರಡು, ತಲೆಗೆ ತಾಗುವಷ್ಟು ತಗ್ಗಿನ ತೊಲೆ, ಶತಮಾನಗಳ ಭಾರಕ್ಕೆ ವಾಲಿ ನಿಂತ ಗೋಡೆ. ಕ್ರಿಸ್‌ಮಸ್ ಕಾರ್ಡುಗಳ ಮೇಲೂ ಬಿಸ್ಕತ್ತಿನ ಡಬ್ಬಿಗಳ ಮೇಲೂ ಇದೇ ಚಿತ್ರ. ಈ ಚಿತ್ರದ ಮೇಲೆ ನನಗೇನೂ ಮುನಿಸಿಲ್ಲ. ಚಳಿಗಾಲದ ಸಂಜೆಗಳಲ್ಲಿ ಅಂಥ ಬೆಂಕಿಯ ಮುಂದೆ ನಾನೂ ಕಾಲು ಚಾಚಿ ಕೂತಿದ್ದೇನೆ. ಆದರೆ ಕಟ್ಟಡದ ಕೆಲಸದಲ್ಲೇ ಅನ್ನ ಹುಟ್ಟಿಸಿಕೊಳ್ಳುವ ನನಗೆ ಇಂಥ ಕಡೆ ಕೂತಾಗ ಮೊದಲು ಏಳುವ ಪ್ರಶ್ನೆ ಬೇರೆ. ಇಷ್ಟು ಮರ, ಇಷ್ಟು ಕಲ್ಲು, ಇಷ್ಟು ಕೂಲಿ: ಇದರ ಖರ್ಚು ಕೊಟ್ಟವರು ಯಾರು? ಯಾವ ಆದಾಯವನ್ನು ನೆಚ್ಚಿಕೊಂಡು ಕೊಟ್ಟರು?

ಈ ಪ್ರಶ್ನೆಗೆ ಗೋಡೆಗೋಡೆಯಲ್ಲೂ ಉತ್ತರ ಸಿಗುವ ಕಟ್ಟಡವೊಂದಿದೆ. ಬಾತ್ ನಗರದ ದಕ್ಷಿಣಕ್ಕೆ ಸುಮಾರು ಏಳು ಮೈಲಿ ದೂರದಲ್ಲಿ, ಸಾಮರ್‌ಸೆಟ್ ಕೌಂಟಿಯಲ್ಲಿ, ನಾರ್ಟನ್ ಸೇಂಟ್ ಫಿಲಿಪ್ ಎಂಬ ಹಳ್ಳಿ. ಅಲ್ಲಿನ ಜಾರ್ಜ್ ಇನ್ ಹಳ್ಳಿಯ ಅಳತೆಗೆ ಹೊಂದದಷ್ಟು ದೊಡ್ಡದು. ರಸ್ತೆಯಲ್ಲಿ ನಿಂತು ನೋಡಿದರೆ ಮೂರು ಅಂತಸ್ತು. ಕೆಳಗಿನದು ಚಪ್ಪಟೆಯಾಗಿ ಕೆತ್ತಿ ಕೂರಿಸಿದ ಸುಣ್ಣಕಲ್ಲಿನದು, ನಡುವೆ ಕಮಾನಿನ ಬಾಗಿಲು. ಮೇಲಿನ ಎರಡು ಅಂತಸ್ತುಗಳು ಮರದ ಚೌಕಟ್ಟಿನವು. ಒಂದೊಂದೂ ತನ್ನ ಕೆಳಗಿನದಕ್ಕಿಂತ ಒಂದಿಷ್ಟು ಮುಂದಕ್ಕೆ ಚಾಚಿಕೊಂಡಿದೆ. ಮೊದಲ ಮಹಡಿಯಲ್ಲಿ ಗೋಡೆಯಿಂದ ಹೊರಕ್ಕೆ ಉಬ್ಬಿದ ಕಿಟಕಿಗಳು. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಶೇ. 2.5ರಷ್ಟಕ್ಕೆ ಮಾತ್ರ ಸಿಗುವ ಮೊದಲನೆಯ ದರ್ಜೆ ಇದಕ್ಕೆ ಸಿಕ್ಕಿದೆ. ಸಾಮಾನ್ಯವಾಗಿ ಆ ದರ್ಜೆ ಕೆಥೆಡ್ರಲ್‌ಗಳಿಗೂ ಅರಮನೆಗಳಿಗೂ ಹೋಗುತ್ತದೆ. ಊಟ, ಬಿಯರು ಮಾರುವ ಮನೆಗೆ ಸಿಗುವುದು ಅಪರೂಪ.

ಕಟ್ಟಿಸಿದವರು ಕಾರ್ತೂಸಿಯನ್ ಸನ್ಯಾಸಿಗಳು. ಕ್ರೈಸ್ತ ಸನ್ಯಾಸಿ ಪಂಥಗಳಲ್ಲೇ ಅತ್ಯಂತ ಕಟ್ಟುನಿಟ್ಟಿನವರು ಇವರು. 1084ರಲ್ಲಿ ಸಂತ ಬ್ರೂನೋ ಫ್ರಾನ್ಸಿನ ಬೆಟ್ಟಗಳ ನಡುವೆ ಶುರು ಮಾಡಿದ ಈ ಪಂಥದಲ್ಲಿ ಒಬ್ಬೊಬ್ಬ ಸನ್ಯಾಸಿಗೂ ಒಂದೊಂದು ಪ್ರತ್ಯೇಕ ಮನೆ, ಮನೆಯ ಹಿಂದೆ ಪುಟ್ಟ ಕೈತೋಟ. ಮಾತು ತೀರಾ ಕಡಿಮೆ, ಮಾಂಸ ವರ್ಜ್ಯ. ಊಟ ಕೂಡ ಗೋಡೆಯ ಕಂಡಿಯಿಂದ ಒಳಗೆ ಬರುತ್ತದೆ, ತಂದವನ ಮುಖ ಕಾಣಬಾರದು. ಇಂಗ್ಲೆಂಡಿನಲ್ಲಿ ಈ ಪಂಥದ ಎರಡನೆಯ ಮಠ ಜಾರ್ಜ್ ಇನ್‌ನಿಂದ ಸುಮಾರು ಎರಡು ಮೈಲಿ ದೂರದ ಹಿಂಟನ್‌ನಲ್ಲಿತ್ತು. ಸಾಲಿಸ್ಬರಿಯ ಕೌಂಟೆಸ್ ಎಲಾ ಎಂಬ ಗಟ್ಟಿಗಿತ್ತಿ ವಿಧವೆ 1232ರಲ್ಲಿ ಒಂದೇ ದಿನ ಎರಡು ಮಠಗಳಿಗೆ ಅಡಿಪಾಯ ಹಾಕಿಸಿದಳು: ಬೆಳಿಗ್ಗೆ ಲಾಕಾಕ್‌ನಲ್ಲಿ ಸನ್ಯಾಸಿನಿಯರಿಗೆ, ಮಧ್ಯಾಹ್ನ ಹಿಂಟನ್‌ನಲ್ಲಿ ಸನ್ಯಾಸಿಗಳಿಗೆ. ಎರಡರ ನಡುವಿನ ಹಾದಿಯನ್ನು ಕುದುರೆಯ ಮೇಲೆ ಕ್ರಮಿಸಬೇಕಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವೇನಲ್ಲ.

ಮೌನಕ್ಕೂ ಹೊಟ್ಟೆಯಿದೆ. ಮಠ ನಡೆಯಬೇಕಾದರೆ ಆದಾಯ ಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಆದಾಯವೆಂದರೆ ಉಣ್ಣೆ. ಲಂಡನ್ನಿನ ಮೇಲ್ಮನೆಯ ಸಭಾಧ್ಯಕ್ಷರು ಇವತ್ತಿಗೂ ಕೂರುವುದು ಉಣ್ಣೆ ತುಂಬಿದ ಕೆಂಪು ಮೂಟೆಯ ಮೇಲೆ. ದೇಶದ ಸಂಪತ್ತು ಎಲ್ಲಿಂದ ಬಂತೆಂಬುದರ ನೆನಪಿಗೆ ಆ ಪದ್ಧತಿ 14ನೇ ಶತಮಾನದಲ್ಲಿ ಶುರುವಾಯಿತೆನ್ನುತ್ತಾರೆ. ಉಣ್ಣೆ ಮಾರಲು ಜಾತ್ರೆ ಬೇಕು. ಜಾತ್ರೆಯೆಂದರೆ ಕುರಿಗಳ ಅರಚಾಟ, ವರ್ತಕರ ಚೌಕಾಸಿ, ಕುಡಿತ, ಜಗಳ. ಮಠದ ಬಾಗಿಲಲ್ಲೇ ಇದೆಲ್ಲ ನಡೆದರೆ ಪ್ರಾರ್ಥನೆ ಹೇಗೆ ಸಾಗೀತು? ಸನ್ಯಾಸಿಗಳು ಕಂಡುಕೊಂಡ ದಾರಿ ಬಹಳ ವ್ಯಾವಹಾರಿಕವಾದುದು. ಜಾತ್ರೆಯನ್ನು ನಿಲ್ಲಿಸಲಿಲ್ಲ, ತಮ್ಮದೇ ಒಡೆತನದ ನಾರ್ಟನ್‌ಗೆ ಸಾಗಹಾಕಿದರು. ಗದ್ದಲ ಅಲ್ಲಿ, ಕಂದಾಯ ಇಲ್ಲಿ. ಜಾತ್ರೆಗೆ ಬಂದವರಿಗೆ ತಂಗಲು ಜಾಗ, ಉಣ್ಣೆಗೆ ಒಣಗಿದ ಗೋದಾಮು, ಎರಡೂ ಸೇರಿ ಒಂದೇ ಕಟ್ಟಡ. ಜಾರ್ಜ್ ಇನ್ ಹುಟ್ಟಿದ್ದು ಹೀಗೆ. ಆ ಊರಿನ ಜಾತ್ರೆ 1902ರವರೆಗೂ ನಡೆಯಿತು. ಮಠ ಮಾತ್ರ ಅಷ್ಟು ಕಾಲ ಬಾಳಲಿಲ್ಲ. 1539ರಲ್ಲಿ ಎಂಟನೆಯ ಹೆನ್ರಿ ಅದನ್ನು ಮುಚ್ಚಿಸಿ ಆಸ್ತಿ ಕಿತ್ತುಕೊಂಡ.

ಈ ಹಿನ್ನೆಲೆ ಗೊತ್ತಿದ್ದರೆ ಕಟ್ಟಡ ಬೇರೆಯಾಗಿಯೇ ಕಾಣಿಸುತ್ತದೆ. ದಪ್ಪ ಕಲ್ಲುಗೋಡೆಯ ಕೆಳ ಅಂತಸ್ತಿಗೂ ಆತಿಥ್ಯದ ಗತ್ತಿಗೂ ಸಂಬಂಧ ಕಡಿಮೆ. ಅದು ಉಗ್ರಾಣದ ಗೋಡೆ. ತೇವ ನೆಲದಿಂದ ಮೇಲೇರಬಾರದು, ಕಳ್ಳ ಕನ್ನ ಕೊರೆಯಬಾರದು. ಎತ್ತರದ ಮಾಳಿಗೆಯಲ್ಲಿ ಗಾಳಿಯಾಡುವ ಉದ್ದನೆಯ ಜಾಗ ಮೂಟೆಗಳಿಗೆ. ಉಣ್ಣೆಗೆ ಪಸೆ ತಗುಲಿದರೆ ಕೊಳೆಯುತ್ತದೆ. ಮಲಗುವ ಮನುಷ್ಯನಿಗೆ ಸಿಕ್ಕಿದ್ದು ಇವೆರಡರ ನಡುವೆ ಉಳಿದ ಜಾಗ. ರಸ್ತೆಗೆ ಕಾಣುವ ಮುಂಭಾಗಕ್ಕೆ ಮಾತ್ರ ನಯವಾಗಿ ಕೆತ್ತಿದ ಕಲ್ಲು, ಪಕ್ಕಕ್ಕೂ ಹಿಂದಕ್ಕೂ ಒರಟು ಕಾಡುಗಲ್ಲು. ಸನ್ಯಾಸಿಗಳಿಗೂ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂದು ಚೆನ್ನಾಗಿ ಗೊತ್ತಿತ್ತು.

ಮೇಲಿನ ಮರದ ಅಂತಸ್ತುಗಳು ಈಗಿನ ರೂಪಕ್ಕೆ ಬಂದದ್ದು 15ನೇ ಶತಮಾನದಲ್ಲಿ, ಒಂದು ಬೆಂಕಿ ಅನಾಹುತದ ನಂತರ. ಜನ ಫೋಟೋ ತೆಗೆಸಿಕೊಳ್ಳುವ ಭಾಗ ಇದೇ. ನನಗೂ ಇಲ್ಲಿ ಹೆಚ್ಚು ಹೊತ್ತು ನಿಲ್ಲುವ ಆಸೆ, ಫೋಟೋಗಾಗಿ ಅಲ್ಲ, ಬಡಗಿಯ ಲೆಕ್ಕಾಚಾರಕ್ಕಾಗಿ.

ಇಂಗ್ಲೆಂಡಿನ ಮಧ್ಯಯುಗದ ಬಡಗಿ ಬಳಸುತ್ತಿದ್ದುದು ಓಕ್ ಮರ, ಅದೂ ಹಸಿಯಾಗಿರುವಾಗಲೇ. ನಮ್ಮಲ್ಲಿ ಮನೆ ಕಟ್ಟಿಸುವವರು ಮರ ಒಣಗಲಿ ಎಂದು ವರ್ಷಗಟ್ಟಲೆ ಕಾಯುತ್ತಿದ್ದರು. ಅವರು ಕಡಿದ ಕೆಲವೇ ತಿಂಗಳಲ್ಲಿ ಕೊಯ್ದು ಜೋಡಿಸುತ್ತಿದ್ದರು, ಯಾಕೆಂದರೆ ಒಣಗಿದ ಓಕ್ ಕಬ್ಬಿಣದಷ್ಟು ಗಟ್ಟಿಯಾಗಿ ಉಳಿಗೆ ಜಗ್ಗುವುದಿಲ್ಲ. ಇಡೀ ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಅಳತೆ ಕೂಡಿಸುತ್ತಿದ್ದರು. ಒಂದು ಮರಕ್ಕೆ ಗೂಡು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಸವರಿ, ಅದನ್ನು ಗೂಡಿನೊಳಗೆ ಕೂರಿಸಿ, ಅಡ್ಡಲಾಗಿ ರಂಧ್ರ ಮಾಡಿ ಗೂಟ ಹೊಡೆಯುವುದು. ಇಲ್ಲೊಂದು ಜಾಣತನವಿದೆ. ಗೂಡಿನ ರಂಧ್ರವೂ ನಾಲಿಗೆಯ ರಂಧ್ರವೂ ಒಂದಕ್ಕೊಂದು ನೇರಕ್ಕಿರುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಕೊರೆದಿರುತ್ತಾರೆ. ಗೂಟವನ್ನು ಬಡಿದಾಗ ಅದು ಬಾಗಿ ನುಗ್ಗುತ್ತಾ ಎರಡೂ ಮರಗಳನ್ನು ಒಂದರೊಳಗೊಂದು ಎಳೆದು ಬಿಗಿಯುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ಆಮೇಲೆ ಹಸಿಮರ ಒಣಗುತ್ತಾ ಕುಗ್ಗುತ್ತಾ ಗೂಟವನ್ನು ಇನ್ನಷ್ಟು ಅಪ್ಪಿ ಹಿಡಿಯುತ್ತದೆ. ಹಳೆಯ ಚೌಕಟ್ಟಿನ ಹತ್ತಿರ ಹೋಗಿ ನೋಡಿದರೆ ಗೂಟದ ತಲೆ ಹೆಬ್ಬೆರಳಿನಷ್ಟು ಹೊರಗೆ ಉಳಿದಿರುವುದು ಕಾಣಿಸುತ್ತದೆ. ಕತ್ತರಿಸಿ ಸಮ ಮಾಡುವ ಗೋಜಿಗೆ ಬಡಗಿ ಹೋಗಿಲ್ಲ. ಮುಂದೆಂದಾದರೂ ಸಡಿಲವಾದರೆ ಇನ್ನೊಂದು ಏಟು ಕೊಡಲು ತಲೆ ಬೇಕಲ್ಲ.

ಅಂಗಳದಲ್ಲಿ ಕೂಡಿಸಿದ ಚೌಕಟ್ಟನ್ನು ಮತ್ತೆ ಬಿಚ್ಚಿ, ಗಾಡಿಗೆ ಹೇರಿ, ಜಾಗಕ್ಕೆ ತಂದು ಮರುಜೋಡಿಸಬೇಕು. ಯಾವ ಕಂಬ ಯಾವ ತೊಲೆಗೆ ಎಂಬ ಗೊಂದಲ ಆಗದಂತೆ ಒಂದೊಂದು ಕೂಡಿನ ಎರಡೂ ಬದಿಗೆ ಒಂದೇ ಗುರುತು ಗೀರುತ್ತಿದ್ದರು. ಗುರುತುಗಳು ಹೆಚ್ಚಾಗಿ ರೋಮನ್ ಅಂಕಿಗಳು, ಉಳಿಯಿಂದ ನೇರ ಗೆರೆ ಎಳೆಯುವುದು ಸುಲಭವಾದ್ದರಿಂದ. ಹಸಿಮರ ಬಳಸಿದ್ದರಿಂದ ಇನ್ನೊಂದು ಉಪಕಾರವೂ ಆಯಿತು, ಅದು ಇತಿಹಾಸಕಾರರಿಗೆ. ತೊಲೆಯಿಂದ ಪೆನ್ಸಿಲ್ ಗಾತ್ರದ ತುಣುಕು ಕೊರೆದು ತೆಗೆದು, ವಾರ್ಷಿಕ ಉಂಗುರಗಳ ದಪ್ಪ ತೆಳುವಿನ ಕ್ರಮವನ್ನು ಕಾಲ ಗೊತ್ತಿರುವ ಮರಗಳ ಕ್ರಮದೊಂದಿಗೆ ಹೋಲಿಸಿದರೆ ಮರ ಬಿದ್ದ ಕಾಲ ಗೊತ್ತಾಗುತ್ತದೆ. ಮರ ಬಿದ್ದದ್ದೂ ಮನೆ ಎದ್ದದ್ದೂ ಹೆಚ್ಚುಕಡಿಮೆ ಒಂದೇ ಕಾಲ. ನಮ್ಮ ಹಾಗೆ ವರ್ಷಗಟ್ಟಲೆ ಒಣಗಿಸಿ ಬಳಸಿದ್ದರೆ ಈ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುತ್ತಿರಲಿಲ್ಲ.

ಇನ್ನು ಆ ಮುಂಚಾಚು. ಮೇಲಿನ ಮಹಡಿ ಯಾಕೆ ಮುಂದಕ್ಕೆ ಬಂದಿದೆ? ಗೈಡುಗಳು ಹೇಳುವ ಸಿದ್ಧ ಉತ್ತರ, ನೆಲದ ಅಳತೆಗೆ ತೆರಿಗೆ ಇತ್ತು, ಅದನ್ನು ತಪ್ಪಿಸಲು ಮೇಲೆ ವಿಸ್ತರಿಸಿಕೊಂಡರು ಎಂಬುದು. ಕೇಳಲು ರಸವತ್ತಾಗಿದೆ, ಆದರೆ ಸುತ್ತಲೂ ಹೊಲಗಳೇ ಇರುವ ಹಳ್ಳಿಯಲ್ಲಿ ನಂಬುವುದು ಕಷ್ಟ. ಪೇಟೆಯ ಇಕ್ಕಟ್ಟಿನ ಬೀದಿಗೆ ಜಾಗದ ವಾದ ಒಪ್ಪಬಹುದು. ಇಲ್ಲಿ ಒಪ್ಪುವುದು ರಚನೆಯ ವಾದ. ನೆಲಹಾಸಿನ ಅಡ್ಡತೊಲೆಗಳು ಗೋಡೆಯ ಮೇಲೆಯೇ ಮುಗಿದರೆ ನಡುವೆ ಭಾರ ಬಿದ್ದಾಗ ಹೊಟ್ಟೆ ಬಿಡುತ್ತವೆ, ತುದಿ ಮೇಲಕ್ಕೆ ಏಳುತ್ತದೆ. ಅದೇ ತೊಲೆಯನ್ನು ಗೋಡೆ ದಾಟಿಸಿ ಹೊರಗೆ ಚಾಚಿ, ಆ ತುದಿಯ ಮೇಲೆ ಮೇಲಂತಸ್ತಿನ ಗೋಡೆಯ ಭಾರ ಹೊರಿಸಿದರೆ ತುದಿ ಒತ್ತಿ ಹಿಡಿದಂತಾಗಿ ನಡುಭಾಗ ಕುಸಿಯುವುದು ಕಡಿಮೆಯಾಗುತ್ತದೆ. ಉಣ್ಣೆಯ ಮೂಟೆ ಹೊರುವ ನೆಲಕ್ಕೆ ಇದು ದೊಡ್ಡ ಅನುಕೂಲ. ಜೊತೆಗೆ, ಕೆಳಗಿನ ಗೋಡೆಗೂ ಮೇಲಿನ ಗೋಡೆಗೂ ಬೇರೆಬೇರೆ ಕಂಬಗಳಾದ್ದರಿಂದ ಮೂರಂತಸ್ತಿನಷ್ಟು ಎತ್ತರದ ನೆಟ್ಟನೆಯ ಮರ ಹುಡುಕುವ ತಾಪತ್ರಯವೂ ಇಲ್ಲ. ಒಂದೇ ಕಂಬಕ್ಕೆ ನಾಲ್ಕೂ ಕಡೆಯಿಂದ ಗೂಡು ಕೊರೆದು ಅದನ್ನು ದುರ್ಬಲ ಮಾಡುವ ಪ್ರಮೇಯವೂ ಇಲ್ಲ. ಇವೆಲ್ಲದರ ಮೇಲೆ ಶೋಕಿ. ಚಾಚಿದ ಮಹಡಿ ಎಂದರೆ ಹೆಚ್ಚು ಮರ, ಹೆಚ್ಚು ಮರ ಎಂದರೆ ಹೆಚ್ಚು ದುಡ್ಡು. ಅದನ್ನು ರಸ್ತೆಯ ಕಡೆಗೆ ತೋರಿಸುವುದರಲ್ಲಿ ಯಾವ ಕಾಲದ ಯಾವ ಯಜಮಾನನಿಗೂ ಸಂಕೋಚವಿಲ್ಲ.

ಕಂಬಗಳ ನಡುವಿನ ಖಾಲಿ ಜಾಗ ತುಂಬುವ ಬಗೆ ನಮ್ಮ ಹಳ್ಳಿಯ ಹಿರಿಯರಿಗೆ ವಿವರಿಸಬೇಕಿಲ್ಲ. ಓಕ್ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ, ಹೇಝಲ್ ಗಿಡದ ಬಳುಕುವ ಕೋಲುಗಳನ್ನು ಅವುಗಳ ನಡುವೆ ಹೆಣೆದು, ಎರಡೂ ಕಡೆಯಿಂದ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿದ ಮಿಶ್ರಣ ಮೆತ್ತಿ, ಮೇಲೆ ಸುಣ್ಣ ಬಳಿಯುವುದು. ಮಲೆನಾಡಿನ ಗುಡಿಸಲುಗಳ ತಡಿಕೆ ಗೋಡೆಯೇ ಸರಿ. ಶಿವಮೊಗ್ಗದಿಂದ ನಮ್ಮ ತಂದೆಯವರು ಬಂದಿದ್ದಾಗ ಜಾರ್ಜ್ ಇನ್‌ಗೆ ಕರೆದುಕೊಂಡು ಹೋಗಿದ್ದೆ. ಲೋಕೋಪಯೋಗಿ ಇಲಾಖೆಯಲ್ಲಿ ಜೀವ ಸವೆಸಿದ ಮನುಷ್ಯ. ಒಳಗೆ ಬಂದವರೇ ಮೆನು ಕಡೆ ಕಣ್ಣು ಹಾಯಿಸದೆ ಕಂಬವೊಂದನ್ನು ಗೆಣ್ಣಿನಿಂದ ಕುಟ್ಟಿದರು, ಬುಡವನ್ನು ಬಗ್ಗಿ ನೋಡಿದರು, ಆಮೇಲೆ ಕೇಳಿದರು:

“ಮಣ್ಣಿಗೆ ಇಷ್ಟು ಹತ್ತಿರ ಮರ. ಗೆದ್ದಲು ಯಾಕೆ ಹಿಡಿಯಲಿಲ್ಲವಪ್ಪಾ?”

“ಇಲ್ಲಿ ಗೆದ್ದಲೇ ಇಲ್ಲ, ಅಪ್ಪ.”

“ಇಡೀ ದೇಶದಲ್ಲಿ?”

“ಇಡೀ ದೇಶದಲ್ಲಿ.”

ಅವರು ನನ್ನನ್ನು ನೋಡಿದ ನೋಟದಲ್ಲಿ ಅಪನಂಬಿಕೆಗಿಂತ ಹೊಟ್ಟೆಕಿಚ್ಚು ಹೆಚ್ಚಿತ್ತು.

ಅದು ನಿಜವೇ. 1994ರಲ್ಲಿ ಡೆವನ್‌ನ ಸಾಂಟನ್ ಎಂಬಲ್ಲಿ ಹೊರದೇಶದಿಂದ ಬಂದ ಗೆದ್ದಲಿನ ಒಂದು ನೆಲೆ ಪತ್ತೆಯಾದಾಗ ಸರ್ಕಾರವೇ ಮುಂದೆ ನಿಂತು ಅದನ್ನು ನಿರ್ಮೂಲ ಮಾಡುವ ಯೋಜನೆ ಹಾಕಿಕೊಂಡಿತು; ಮುಗಿಸಲು ಕಾಲು ಶತಮಾನ ಹಿಡಿಯಿತು. ಬಿಟ್ಟರೆ ಈ ದ್ವೀಪದ ಮರಕ್ಕೆ ಮುಖ್ಯ ಶತ್ರುಗಳು ಎರಡು: ತೇವ ಮತ್ತು ತೇವದ ಬೆನ್ನಿಗೇ ಬರುವ, ‘ಸಾವಿನ ಕಾವಲು’ ಎಂಬರ್ಥದ ಹೆಸರಿನ ಡೆತ್‌ವಾಚ್ ದುಂಬಿ. ಮರದೊಳಗಿನ ಸುರಂಗದಲ್ಲಿ ಈ ದುಂಬಿ ಸಂಗಾತಿಗಾಗಿ ತಲೆ ಬಡಿದು ಟಿಕ್ ಟಿಕ್ ಸದ್ದು ಮಾಡುತ್ತದೆ. ಸಾಯುವವರ ಬಳಿ ರಾತ್ರಿಯಿಡೀ ಎದ್ದು ಕೂತವರಿಗೆ ಆ ಸದ್ದು ಕೇಳಿ ಅಂಥ ಹೆಸರು ಬಂತು. ಒಣಗಿದ ಓಕ್‌ಗೆ ಅದೂ ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ಛಾವಣಿ ಸೋರದಂತೆ ನೋಡಿಕೊಂಡರೆ ಆರು ಶತಮಾನವೇನೂ ಪವಾಡವಲ್ಲ. ನಮ್ಮ ಪಶ್ಚಿಮಘಟ್ಟದ ಮಳೆಯಲ್ಲಿ, ಗೆದ್ದಲಿನ ನಡುವೆ, ಇನ್ನೂರು ವರ್ಷ ನಿಂತಿರುವ ಮರದ ಮನೆಗಳ ಬಡಗಿಗಳೇ ಹೆಚ್ಚು ಕಷ್ಟದ ಪರೀಕ್ಷೆ ಪಾಸು ಮಾಡಿದವರು ಎಂದು ತಂದೆಯವರು ಊಟ ಮುಗಿಯುವವರೆಗೂ ವಾದಿಸಿದರು. ನಾನು ಎದುರು ಹೇಳಲಿಲ್ಲ.

ಕಪ್ಪು ಬಿಳುಪಿನ ವಿಷಯಕ್ಕೂ ಒಂದು ಮಾತು. ಕಡುಗಪ್ಪು ಮರ, ಹಾಲುಬಿಳಿ ಗೋಡೆ ಎಂಬ ಜೋಡಿ ಇಂಗ್ಲೆಂಡಿನ ಬಹುಭಾಗದಲ್ಲಿ ಪ್ರಚಾರಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಗ್ಯಾಸ್ ಕಾರ್ಖಾನೆಗಳಿಂದ ಟಾರು ಅಗ್ಗವಾಗಿ ಸಿಗತೊಡಗಿದ ಮೇಲೆ. ಅದಕ್ಕೆ ಮುಂಚೆ ಓಕ್ ಮರವನ್ನು ಹಾಗೆಯೇ ಬಿಡುತ್ತಿದ್ದರು, ಬಿಸಿಲು ಮಳೆಗೆ ಅದು ಬೂದುಬೆಳ್ಳಿ ಬಣ್ಣಕ್ಕೆ ತಿರುಗುತ್ತಿತ್ತು. ಇಲ್ಲವೇ ಮರ ಗೋಡೆ ಎಂಬ ಭೇದವಿಲ್ಲದೆ ಎಲ್ಲಕ್ಕೂ ಒಟ್ಟಿಗೆ ಸುಣ್ಣ ಹೊಡೆಯುತ್ತಿದ್ದರು. ಟಾರು ಬಳಿದದ್ದರಿಂದ ಮರದ ಒಳಗಿನ ತೇವ ಒಳಗೇ ಸಿಕ್ಕಿಹಾಕಿಕೊಂಡು ಎಷ್ಟೋ ಕಡೆ ಕೊಳೆತದ್ದೇ ಹೆಚ್ಚು. ಬಿಸ್ಕತ್ತಿನ ಡಬ್ಬಿಯ ಚಿತ್ರ ಹೀಗೆ ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು.

ಈಗ ಬಾಗಿಲು. ನನ್ನ ದೃಷ್ಟಿಯಲ್ಲಿ ಇಂಥ ಕಟ್ಟಡದ ನಿಜವಾದ ವಾಸ್ತು ಇರುವುದು ಕಮಾನು ಬಾಗಿಲು ಮತ್ತು ಅದರ ಹಿಂದಿನ ಅಂಗಳದಲ್ಲಿ. ಮಧ್ಯಯುಗದ ಇನ್‌ಗಳನ್ನು ಅಧ್ಯಯನ ಮಾಡಿದ ಇತಿಹಾಸಕಾರ ಡಬ್ಲ್ಯು. ಎ. ಪ್ಯಾಂಟಿನ್ 1960ರ ದಶಕದ ಆರಂಭದಲ್ಲಿ ಅವುಗಳನ್ನು ಎರಡು ಜಾತಿ ಮಾಡಿದರು. ಒಂದು, ರಸ್ತೆಯ ಬದಿಗೆ ಗಟ್ಟಿಯಾದ ಒಂದೇ ಮುಖ್ಯ ಕಟ್ಟಡ, ನಡುವೆ ಹೆಬ್ಬಾಗಿಲು. ಇನ್ನೊಂದು, ಅಂಗಳದ ಸುತ್ತ ಹಬ್ಬಿದ ಕಟ್ಟಡ, ಮಹಡಿಯಲ್ಲಿ ಅಂಗಳಕ್ಕೆ ತೆರೆದ ಪಡಸಾಲೆ, ಅದರ ಉದ್ದಕ್ಕೂ ಕೋಣೆಗಳು. ಎರಡನೆಯದರ ಅಚ್ಚುಕಟ್ಟಾದ ಮಾದರಿ ಗ್ಲಾಸ್ಟರ್ ಪಟ್ಟಣದ ನ್ಯೂ ಇನ್. ಎರಡನೆಯ ಎಡ್ವರ್ಡ್ ರಾಜನ ಸಮಾಧಿ ನೋಡಲು ಬರುವ ಯಾತ್ರಿಕರಿಗಾಗಿ 1450ರ ಸುಮಾರಿಗೆ ಅಲ್ಲಿನ ಮಠದವರು ಕಟ್ಟಿಸಿದ್ದು. ಹೆಸರು ‘ಹೊಸ ಇನ್’, ವಯಸ್ಸು ಐದುನೂರ ಎಪ್ಪತ್ತು ದಾಟಿದೆ. ಜಾರ್ಜ್ ಮೊದಲನೆಯ ಜಾತಿಯದು. ಕಮಾನಿನಡಿ ನಡೆದು ಹೋದರೆ ಹಿಂದೆ ಅಂಗಳ. ಅಲ್ಲಿಂದ ತಿರುಗಿ ನೋಡಿದರೆ ಮರದ ಪಡಸಾಲೆಯೂ ಮೆಟ್ಟಿಲಿಗೆಂದೇ ಎದ್ದ ಪುಟ್ಟ ಗೋಪುರವೂ ಕಾಣಿಸುತ್ತವೆ. ರಸ್ತೆಯ ಕಡೆಯ ಗಾಂಭೀರ್ಯ ಇಲ್ಲಿಲ್ಲ. ಬೇಕಾದಾಗ ಬೇಕಾದ್ದನ್ನು ಸೇರಿಸಿಕೊಂಡು ಹೋದ ಮನೆಯ ಹಿತ್ತಲಿನ ಮುಖ.

ಅಂಗಳ ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ವಾಸ್ತುಶಾಸ್ತ್ರ ಬಿಟ್ಟು ಕಾನೂನಿನ ಕಡೆ ಹೊರಳಬೇಕು. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ಇನ್ ನಡೆಸುವವನ ಮೇಲೆ ಎರಡು ಭಾರವಾದ ಹೊಣೆಗಳಿದ್ದವು. ಜಾಗವಿದ್ದರೆ ದಾರಿಹೋಕನನ್ನು ಇಲ್ಲವೆನ್ನುವಂತಿಲ್ಲ. ಅತಿಥಿಯ ವಸ್ತು ಕಳುವಾದರೆ ತಾನೇ ತುಂಬಿಕೊಡಬೇಕು. 1584ರ ಕೇಲಿ ಪ್ರಕರಣದಲ್ಲಿ ಒಬ್ಬ ಅತಿಥಿಯ ಕುದುರೆ ಕಳುವಾಯಿತು. ಕುದುರೆಯನ್ನು ಹೊರಗೆ ಹುಲ್ಲುಗಾವಲಿಗೆ ಬಿಡುವಂತೆ ಹೇಳಿದ್ದು ಅತಿಥಿಯೇ. ನ್ಯಾಯಾಧೀಶರು ಕೊಟ್ಟ ತೀರ್ಪು: ಇನ್‌ನ ಆವರಣದೊಳಗೆ ಇದ್ದಿದ್ದರೆ ಯಜಮಾನ ಹೊಣೆ, ಅತಿಥಿಯ ಮಾತಿನಂತೆ ಹುಲ್ಲುಗಾವಲಿಗೆ ಹೋದದ್ದಕ್ಕೆ ಅಲ್ಲ. ಅಂದರೆ ಆವರಣದ ಗೆರೆ ಎಲ್ಲಿದೆ ಎನ್ನುವುದರ ಮೇಲೆ ನಷ್ಟ ಯಾರದೆಂಬ ಲೆಕ್ಕ. ಇದನ್ನು ಓದಿದ ಮೇಲೆ ಆ ದಪ್ಪ ಬಾಗಿಲು, ಒಂದೇ ಒಂದು ಪ್ರವೇಶ, ಸುತ್ತುವರಿದ ಅಂಗಳ, ಅಂಗಳದತ್ತ ಕಣ್ಣಿಟ್ಟ ಪಡಸಾಲೆ ಎಲ್ಲಕ್ಕೂ ಅರ್ಥ ಬರುತ್ತದೆ. ಸಂಜೆ ಬಾಗಿಲು ಹಾಕಿದರೆ ಒಳಗಿದ್ದ ಕುದುರೆ, ಗಾಡಿ, ಮೂಟೆ, ಮನುಷ್ಯರೆಲ್ಲ ಯಜಮಾನನ ಲೆಕ್ಕಕ್ಕೆ ಸೇರಿದರು. ಬ್ರಿಟನ್ನಿನ ಹೋಟೆಲುಗಳ ಸ್ವಾಗತದ ಮೇಜಿನ ಹತ್ತಿರ ಇವತ್ತಿಗೂ 1956ರ ಕಾಯ್ದೆಯ ಒಂದು ನೋಟಿಸು ತೂಗಿರುತ್ತದೆ: ಒಂದು ವಸ್ತುವಿಗೆ 50 ಪೌಂಡ್, ಒಟ್ಟು 100 ಪೌಂಡ್‌ವರೆಗೆ ಹೊಣೆ, ವಾಹನಕ್ಕೂ ಕುದುರೆಗೂ ಹೊಣೆಯಿಲ್ಲ. ಕಾರಿನ ಕಾಲದಲ್ಲೂ ಕಾನೂನಿನಲ್ಲಿ ಕುದುರೆಗೆ ಜಾಗವಿದೆ.

ಜಾರ್ಜ್ ಇನ್‌ಗೆ 1397ರಿಂದ ಮದ್ಯ ಮಾರುವ ಪರವಾನಗಿ ಇದೆ, ದೇಶದ ಅತಿ ಹಳೆಯ ಇನ್ ಇದೇ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಈ ಪಟ್ಟಕ್ಕೆ ಹಕ್ಕು ಸಾಧಿಸುವವರು ಇಂಗ್ಲೆಂಡಿನಲ್ಲಿ ಕನಿಷ್ಠ ಹನ್ನೆರಡು ಮಂದಿಯಾದರೂ ಇದ್ದಾರು. ನನಗೆ ಆ ವರ್ಷದ ಮೇಲೆ ಪೂರಾ ನಂಬಿಕೆಯಿಲ್ಲ. ಏಲ್ ಎಂಬ ಬಿಯರು ಮಾರುವ ಮನೆಗಳಿಗೆ ನ್ಯಾಯಾಧಿಕಾರಿಗಳಿಂದ ಪರವಾನಗಿ ಪಡೆಯುವ ಪದ್ಧತಿಯನ್ನು ಸಂಸತ್ತು ದೇಶಕ್ಕೆಲ್ಲ ಅನ್ವಯಿಸಿ ಕಾನೂನು ಮಾಡಿದ್ದು 1552ರಲ್ಲಿ. ಒಂದೂವರೆ ಶತಮಾನ ಮೊದಲಿನ ‘ಲೈಸೆನ್ಸ್’ ಎಂದರೆ ಈಗ ಕೌಂಟರಿನ ಹಿಂದೆ ಚೌಕಟ್ಟು ಹಾಕಿ ತೂಗುಹಾಕುವ ಕಾಗದದಂಥದ್ದಲ್ಲ. ಬಹುಶಃ ಮಠದ ಒಡೆತನದ ಹಕ್ಕಿನ ಯಾವುದೋ ಒಪ್ಪಿಗೆ ಇದ್ದಿರಬೇಕು. ಕಟ್ಟಡವೇ ಅಷ್ಟು ಗಟ್ಟಿಯಾಗಿ ಸಾಕ್ಷಿ ಹೇಳುತ್ತಿರುವಾಗ ಈ ದಾಖಲೆಯ ಹಂಬಲ ಯಾಕೋ.

1668ರ ಜೂನ್ 12ರಂದು ಸ್ಯಾಮ್ಯುಯೆಲ್ ಪೀಪ್ಸ್ ಮನೆಮಂದಿಯೊಂದಿಗೆ ಬಾತ್‌ಗೆ ಹೋಗುವ ದಾರಿಯಲ್ಲಿ ಈ ಊರಲ್ಲಿ ಊಟ ಮಾಡಿದ. ನೌಕಾಪಡೆಯ ಆಡಳಿತದ ಅಧಿಕಾರಿ. ತನ್ನ ದಿನಚರಿಯಲ್ಲಿ ಕಾಸಿಗೆ ಕಾಸು ಲೆಕ್ಕ ಬರೆದಿಡುವವನು. ಅವತ್ತಿನ ಪುಟದಲ್ಲಿ ಹಿಂದಿನ ರಾತ್ರಿ ತಂಗಿದ ಕಡೆಯ ಹಾಸಿಗೆ ಚೆನ್ನಾಗಿತ್ತು, ಆದರೆ ಹೇನು ತುಂಬಿತ್ತು, ಅದಕ್ಕೆ ಎಲ್ಲರೂ ನಕ್ಕೆವು ಎಂಬ ಸಾಲಿದೆ. ನಾರ್ಟನ್‌ನಲ್ಲಿ ಅವನು ಚರ್ಚಿಗೆ ಹೋಗಿ, ಒಂದೇ ಒಡಲಿಗೆ ಎರಡು ದೇಹವಾಗಿ ಹುಟ್ಟಿದರೆಂದು ಜನ ಹೇಳುವ ಅವಳಿ ಸೋದರಿಯರ ಸಮಾಧಿಕಲ್ಲು ನೋಡಿದ, ಅಲ್ಲಿ ತೂಗುಹಾಕಿದ್ದ ಆರು ಘಂಟೆಗಳ ನಾದ ಮೆಚ್ಚಿಕೊಂಡ, ಚೆನ್ನಾಗಿ ಊಟ ಮಾಡಿದೆವು, 10 ಶಿಲಿಂಗ್ ಎಂದು ಬರೆದ. ಊಟ ಎಲ್ಲಿ ಎಂದು ಹೆಸರು ಬರೆದಿಲ್ಲ. ಅಷ್ಟು ದೊಡ್ಡ ಬಳಗಕ್ಕೆ ಊರಿನಲ್ಲಿ ಒಪ್ಪುವ ಜಾಗ ಜಾರ್ಜ್ ಆದ್ದರಿಂದ ಆ ಗೌರವ ಜಾರ್ಜ್‌ಗೇ ಸಂದಿದೆ. ಕಟ್ಟಡ ನೋಡಲು ಹೋಗುವವರಿಗೆ ಒಂದು ಕಿವಿಮಾತು: ಅವನು ಗೋಡೆಯ ಬಗ್ಗೆ, ತೊಲೆಯ ಬಗ್ಗೆ ಒಂದಕ್ಷರ ಬರೆದಿಲ್ಲ. 1668ರಲ್ಲಿ ಅದು ನೋಡುವಂಥ ಪುರಾತನ ವಸ್ತುವಾಗಿರಲಿಲ್ಲ. ಹಳೇ ಕಾಲದ ಒಂದು ಊಟದ ಮನೆ, ಅಷ್ಟೆ.

ಹದಿನೇಳು ವರ್ಷ ಕಳೆದು, 1685ರ ಜೂನ್ ಕೊನೆಯಲ್ಲಿ, ಸಿಂಹಾಸನಕ್ಕೆ ದಂಗೆಯೆದ್ದ ಡ್ಯೂಕ್ ಆಫ್ ಮನ್ಮತ್ ತನ್ನ ಪಡೆಯೊಂದಿಗೆ ಇಲ್ಲಿ ಬೀಡುಬಿಟ್ಟ. ಊರಿನ ಓಣಿಯಲ್ಲಿ ರಾಜನ ಸೈನ್ಯದ ಜೊತೆ ಕಾದಾಟವೂ ಆಯಿತು. ಮುಂದಿನ ತಿಂಗಳೇ ಸೆಜ್‌ಮೂರ್‌ನಲ್ಲಿ ಸೋತು, ಲಂಡನ್ನಿನಲ್ಲಿ ತಲೆ ಕಳೆದುಕೊಂಡ. ದಂಗೆಯ ಹನ್ನೆರಡು ಮಂದಿಯನ್ನು ಈ ಊರಿನಲ್ಲಿ ಗಲ್ಲಿಗೇರಿಸಿದರು. ಅವನು ಕಿಟಕಿಯ ಬಳಿ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಗುಂಡು ಹಾರಿತೆಂಬ ಕಥೆ ಬಾರಿನಲ್ಲಿ ಕೂತ ಯಾರನ್ನು ಕೇಳಿದರೂ ಸಿಗುತ್ತದೆ. ಇಂಥ ಕಥೆಗಳು ಇನ್‌ಗಳಿಗೆ ಪಾಚಿಯ ಹಾಗೆ ತಾವಾಗಿಯೇ ಹತ್ತುತ್ತವೆ.

ಕಟ್ಟಡ ಉಳಿದ ಬಗೆ ಇನ್ನೂ ಕುತೂಹಲದ್ದು. 18ನೇ ಶತಮಾನದಲ್ಲಿ ಪಕ್ಕದ ಬಾತ್ ನಗರ ಹೊನ್ನಿನ ಬಣ್ಣದ ಕಲ್ಲಿನಲ್ಲಿ ಮರುಹುಟ್ಟು ಪಡೆಯಿತು. ಸಾಲಾಗಿ ಒಂದೇ ಅಳತೆಯ ಕಿಟಕಿಗಳು, ನೆಟ್ಟನೆಯ ಗೋಡೆ, ರೋಮನ್ ಕಂಬಗಳು. ಹೆದ್ದಾರಿಯ ಇನ್‌ಗಳಿಗೆ ಇದು ಸುಗ್ಗಿಯ ಕಾಲ. 1784ರ ಆಗಸ್ಟ್‌ನಲ್ಲಿ ಜಾನ್ ಪಾಮರ್ ಬ್ರಿಸ್ಟಲ್‌ನಿಂದ ಬಾತ್ ಮಾರ್ಗವಾಗಿ ಲಂಡನ್ನಿಗೆ ಮೊದಲ ಅಂಚೆ ಗಾಡಿ ಓಡಿಸಿದ ಮೇಲಂತೂ ಕುದುರೆ ಬದಲಿಸುವ ಕಡೆಗಳಲ್ಲೆಲ್ಲ ದುಡ್ಡು ಹರಿಯಿತು. ದುಡ್ಡು ಬಂದ ಯಜಮಾನ ಮೊದಲು ಮಾಡಿದ ಕೆಲಸ, ವಾಲಿದ ಮರದ ಮುಂಭಾಗದ ಮುಂಚಾಚು ಕತ್ತರಿಸಿ, ಹೊಸ ಇಟ್ಟಿಗೆಯ ಅಥವಾ ಕಲ್ಲಿನ ಗೋಡೆ ಎಬ್ಬಿಸಿ ಕಾಲಕ್ಕೆ ತಕ್ಕ ಮುಖ ತೊಡಿಸಿದ್ದು. ಇಂಗ್ಲೆಂಡಿನ ಪೇಟೆಗಳ ಎಷ್ಟೋ ‘ಜಾರ್ಜಿಯನ್’ ಹೋಟೆಲುಗಳ ಅಟ್ಟ ಹತ್ತಿದರೆ ಮಧ್ಯಯುಗದ ಜಂತೆಗಳು ಎದುರಾಗುತ್ತವೆ. ನಾರ್ಟನ್‌ಗೆ ಆ ಸುಗ್ಗಿ ಅಷ್ಟಾಗಿ ತಟ್ಟಲಿಲ್ಲ. ಉಣ್ಣೆಯ ವ್ಯಾಪಾರ ಸೊರಗುತ್ತಾ ಬಂತು. 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲು ಪೂರ್ತಿಯಾದಾಗ ಹೆದ್ದಾರಿಯ ಇನ್‌ಗಳೂ ನೆಲಕಚ್ಚಿದವು. ಮುಖ ಬದಲಿಸಿಕೊಳ್ಳುವಷ್ಟು ದುಡ್ಡು ಬೇಕಾದ ಕಾಲಕ್ಕೆ ಜಾರ್ಜ್ ಇನ್‌ನ ಕೈಯಲ್ಲಿ ಇರಲಿಲ್ಲ ಎಂಬುದೇ ನನ್ನ ಊಹೆ. ಅದೇ ಕೌಂಟಿಯ ಗ್ಲಾಸ್ಟನ್‌ಬರಿಯಲ್ಲಿ ಮಠಾಧಿಪತಿ ಜಾನ್ ಸೆಲ್‌ವುಡ್ 15ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ಇನ್ನೊಂದು ಜಾರ್ಜ್ ಉಳಿದದ್ದಕ್ಕೆ ಕಾರಣ ಬೇರೆ. ಅದರ ಮುಂಭಾಗ ಪೂರಾ ಕಲ್ಲು, ರಾಜಲಾಂಛನಗಳ ಸಮೇತ ಚರ್ಚಿನ ಗೋಪುರದಂತೆ ಕೆತ್ತಿದ್ದು. ಅದನ್ನು ಮರೆಮಾಡಬೇಕೆಂದು ಯಾರಿಗೂ ಅನ್ನಿಸಿರಲಾರದು.

ಉಳಿದದ್ದನ್ನು ಹೇಗೆ ಉಳಿಸಬೇಕು ಎಂಬಲ್ಲಿ ಜಗಳಗಳಿವೆ. ವಿಕ್ಟೋರಿಯಾ ಕಾಲದ ವಾಸ್ತುಶಿಲ್ಪಿಗಳು ಹಳೆಯದನ್ನು ಕೆರೆದು ‘ಇನ್ನೂ ಹಳೆಯದು’ ಮಾಡುವ ಚಟಕ್ಕೆ ಬಿದ್ದಾಗ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಅವನ ವಾದ ಸರಳ: ದುರಸ್ತಿ ಮಾಡಿ, ಬದಲಾಯಿಸಬೇಡಿ. ಕೊಳೆತ ಕಂಬದ ಬುಡವನ್ನಷ್ಟೇ ಕತ್ತರಿಸಿ ಹೊಸ ಓಕ್ ಕೂಡಿಸಿ. ಹೊಸದು ಹೊಸದಾಗಿಯೇ ಕಾಣಲಿ. ಇದು ಪೂರ್ತಿ ಸಾಧ್ಯವಾಗದ ಸಂದರ್ಭಗಳೂ ಇವೆ. ವೂಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಹಳ್ಳಿಯ ಫ್ಲೀಸ್ ಇನ್ ಮೂಲತಃ ಮಧ್ಯಯುಗದ ಒಂದು ರೈತನ ಮನೆ. 1848ರಲ್ಲಿ ಅದೇ ವಂಶದವರು ಇನ್ ಮಾಡಿಕೊಂಡರು. ಆ ಮನೆತನದ ಕೊನೆಯ ಕುಡಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಅದನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬರೆದಿಟ್ಟಳು, ಆಲೂಗಡ್ಡೆ ಚಿಪ್ಸ್ ಮಾರಕೂಡದು ಎಂಬ ಕಟ್ಟಪ್ಪಣೆಯೊಂದಿಗೆ. ಅಲ್ಲಿನ ಬೆಂಕಿಗೂಡಿನ ಮುಂದೆ ನೆಲದಲ್ಲಿ ಬಿಳಿ ವೃತ್ತಗಳನ್ನು ಬರೆದಿದ್ದಾರೆ. ಚಿಮಣಿಯಿಂದ ಇಳಿಯುವ ಮಾಟಗಾತಿಯರನ್ನು ತಡೆಯಲೆಂದು ನಂಬಿಕೆ. ಮಾಟಗಾತಿಯರನ್ನು ತಡೆದ ವೃತ್ತಗಳಿಗೆ ಕಿಡಿಯನ್ನು ತಡೆಯಲಾಗಲಿಲ್ಲ. 2004ರ ಫೆಬ್ರವರಿಯಲ್ಲಿ ಹುಲ್ಲಿನ ಛಾವಣಿಗೆ ಬೆಂಕಿ ಹೊತ್ತಿಕೊಂಡು ಮನೆಗೆ ಭಾರೀ ಹಾನಿಯಾಯಿತು. ಮುಂದಿನ ವರ್ಷ ಮತ್ತೆ ಬಾಗಿಲು ತೆರೆದಾಗ ಛಾವಣಿ ಹೊಸದು, ವೃತ್ತಗಳೂ ಇದ್ದವು, ಚಿಪ್ಸ್ ಮಾತ್ರ ಆಗಲೂ ಇಲ್ಲ. ಇದು ಹಳೆಯ ಇನ್ ಹೌದೇ ಅಲ್ಲವೇ? ಹೌದು ಎನ್ನುವುದು ನನ್ನ ಪಕ್ಷ. ಜಾರ್ಜ್ ಇನ್ ಕೂಡ 15ನೇ ಶತಮಾನದ ಬೆಂಕಿಯ ಮೇಲೆ ಎದ್ದ ದುರಸ್ತಿಯೇ ಅಲ್ಲವೇ. ಆ ದುರಸ್ತಿಯನ್ನೇ ನಾವೀಗ ಮೂಲ ಎಂದು ನೋಡಲು ಹೋಗುತ್ತೇವೆ.

ಜಾರ್ಜ್ ಇನ್‌ನ ಒಂದು ದೊಡ್ಡ ಜೀರ್ಣೋದ್ಧಾರ ನಡೆದದ್ದು 1998ರಲ್ಲಿ, ಡಿವೈಜಸ್ ಪಟ್ಟಣದ ವಾಡ್‌ವರ್ತ್ ಬಿಯರ್ ಕಂಪನಿಯ ಖರ್ಚಿನಲ್ಲಿ. ಇಂಥ ಕೆಲಸದ ಕಷ್ಟ ಕೊನೆಗೆ ಬಂದು ನಿಲ್ಲುವುದು ಸ್ನಾನದ ಮನೆಯಲ್ಲಿ. ಮಧ್ಯಯುಗದ ಕೋಣೆಗೆ ಕೊಳಾಯಿ ಬೇಕು, ಬಿಸಿನೀರು ಬೇಕು, ಬೆಂಕಿ ತಡೆಯುವ ಬಾಗಿಲು ಬೇಕು. ಮೊದಲನೆಯ ದರ್ಜೆಯ ಕಟ್ಟಡದಲ್ಲಿ ಅನುಮತಿಯಿಲ್ಲದೆ ತೊಲೆಗೆ ಒಂದು ತೂತು ಕೊರೆದರೂ ಅದು ಅಪರಾಧ. ಹಾಗಾಗಿ ಇಂಥ ಕಡೆ ಪೈಪುಗಳನ್ನು ಹಳೆಯ ನೆಲದ ಮೇಲೆಯೇ ಹಾಯಿಸಿ, ಅದರ ಮೇಲೆ ಇನ್ನೊಂದು ಹಲಗೆಯ ನೆಲ ಎಬ್ಬಿಸುತ್ತಾರೆ. ಮುಂದೆ ಯಾರಾದರೂ ಕಿತ್ತುಹಾಕಿದರೆ ಕೆಳಗಿನದು ಹಾಗೆಯೇ ಇರಬೇಕು. ವಾಲಿದ ಕೋಣೆಯಲ್ಲಿ ಮಂಚದ ಕಾಲಿನಡಿ ಬೆಣೆ ಇಡಬಹುದು. ಸ್ನಾನದ ತೊಟ್ಟಿಯಲ್ಲಿ ನೀರು ಮಾತ್ರ ಯಾವ ಶತಮಾನದ ಮುಲಾಜೂ ಇಲ್ಲದೆ ಮಟ್ಟವಾಗಿ ನಿಲ್ಲುತ್ತದೆ, ಗೋಡೆ ಎಷ್ಟು ವಾಲಿದೆ ಎಂದು ಆಗಲೇ ಗೊತ್ತಾಗುವುದು.

ಛಾವಣಿಯದು ಇನ್ನೊಂದು ಖರ್ಚು. ಈ ಭಾಗದ ಹಳೆಯ ಛಾವಣಿಗಳಿಗೆ ಹೊದಿಸುವುದು ಸೀಳಿದ ಸುಣ್ಣಕಲ್ಲಿನ ಹಂಚು, ಅಂಚಿನಲ್ಲಿ ದೊಡ್ಡವು, ಮೇಲಕ್ಕೆ ಹೋದಂತೆ ಚಿಕ್ಕವು. ಅಂಥ ಕಲ್ಲು ಸೀಳುವ ಗಣಿಗಳು ಈಗ ಬೆರಳೆಣಿಕೆಯಷ್ಟು, ಅದನ್ನು ಹೊದಿಸಬಲ್ಲವರು ಅದಕ್ಕಿಂತ ಕಡಿಮೆ. ಹಂಚು ಜಾರಿದರೆ ಸೋರಿಕೆ, ಸೋರಿದರೆ ದುಂಬಿ. ಉಣ್ಣೆಯ ಕಾಲದಲ್ಲಿ ಈ ಖರ್ಚನ್ನು ಮಠ ಹೊತ್ತಿತ್ತು, ಆಮೇಲೆ ಜಾತ್ರೆ ಹೊತ್ತಿತು. ಈಗ ಹೊರುತ್ತಿರುವುದು ಭಾನುವಾರದ ಮಧ್ಯಾಹ್ನ ಬಾತ್‌ನಿಂದಲೂ ಬ್ರಿಸ್ಟಲ್‌ನಿಂದಲೂ ಕಾರು ಮಾಡಿಕೊಂಡು ಬಂದು, ಹುರಿದ ಮಾಂಸಕ್ಕೂ ಆಲೂಗಡ್ಡೆಗೂ ದುಡ್ಡು ಕೊಡುವ ನಮ್ಮಂಥವರು. ತಂದೆಯವರು ಸಸ್ಯಾಹಾರಿ. ಅವರ ಪಾಲಿನ ಬಿಲ್ಲಿನಿಂದ ಛಾವಣಿಗೆ ಸಂದದ್ದು ಒಂದು ತಟ್ಟೆ ಅಣಬೆ, ಎರಡು ಲೋಟ ಟೀ.